ಮೇಷ್ಟ್ರ ಸೂಜಿ ಯಾವ ಡ್ಯೂಟಿಗೆ?

ನಮ್ಮ ಪಕ್ಕದ ಮನೆ ಮಾಷ್‌ಗೆ ಕೋವಿಡ್ ಲಸಿಕೆ ಸಿಕ್ಕಿದ್ದು 2021ರ ಮಾರ್ಚ್‌ನಲ್ಲಿ. ಆಗ ಅವರಿಗೆ 36 ವರ್ಷ. ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇಲ್ಲ, ಬೆಳಗ್ಗೆ ಎದ್ದು ವಾಲಿಬಾಲ್ ಆಡುವ ಮನುಷ್ಯ. ನಾನಿರುವುದು ಕಣ್ಣೂರು ಜಿಲ್ಲೆಯ ಇರಿಟ್ಟಿಯಲ್ಲಿ. ಕೊಡಗಿನ ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು ಬಂದರೆ ಸಿಗುವ ಪೇಟೆ. ಇಲ್ಲಿ ಮೇಷ್ಟ್ರಿಗೆ ಮಾಷ್ ಅನ್ನುತ್ತಾರೆ. ಹದಿನೈದು ವರ್ಷದಿಂದ ಒಂದು ಪ್ಲೈವುಡ್ ಅಂಗಡಿಯ ಲೆಕ್ಕ ನೋಡಿಕೊಂಡು ಇಲ್ಲೇ ಇದ್ದೇನೆ. ಊರು ಮಾತ್ರ ಘಾಟಿಯ ಮೇಲೆ.

"ಮಾಷೇ, ನಿಮಗೆ ಹೇಗೆ ಸಿಕ್ತು?" ಅಂತ ಕೇಳಿದೆ. 60 ದಾಟಿದವರಿಗೆ, 45 ದಾಟಿ ಬೇರೆ ಕಾಯಿಲೆ ಇರುವವರಿಗೆ ಮಾತ್ರ ಕೊಡುತ್ತಿದ್ದ ಕಾಲ ಅದು. ಅವರು ಜೇಬಿನಿಂದ ಒಂದು ಕಾಗದ ತೆಗೆದು ತೋರಿಸಿದರು. ಚುನಾವಣಾ ಡ್ಯೂಟಿಯ ಆದೇಶ. ಏಪ್ರಿಲ್ 6ಕ್ಕೆ ಕೇರಳದಲ್ಲಿ ವಿಧಾನಸಭೆ ಮತದಾನ. ಮತಗಟ್ಟೆ ಸಿಬ್ಬಂದಿಯೂ ಮುಂಚೂಣಿ ಕಾರ್ಯಕರ್ತರೇ, ಅವರಿಗೆಲ್ಲ ಮೊದಲೇ ಲಸಿಕೆ ಅಂತ ಚುನಾವಣಾ ಆಯೋಗ ಫೆಬ್ರವರಿ ಕೊನೆಯಲ್ಲಿ ಹೇಳಿತ್ತು. "ಇದು ವೋಟಿನ ಸೂಜಿ" ಅಂತ ಮಾಷ್ ನಕ್ಕರು.

ಅವರು ಆ ಹೊತ್ತಿಗೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಎರಡು ತಿಂಗಳಿನಿಂದ ಪಾಠ ಮಾಡುತ್ತಿದ್ದರು. ಜನವರಿ 1ರಿಂದಲೇ ಹತ್ತು, ಹನ್ನೆರಡನೇ ತರಗತಿಯವರು ಶಾಲೆಗೆ ಬರುತ್ತಿದ್ದರು. ಆ ಎರಡು ತಿಂಗಳಿಗೆ ಸಿಗದ ಸೂಜಿ ಒಂದು ದಿನ ಮತಯಂತ್ರದ ಪಕ್ಕ ಕೂರುವುದಕ್ಕೆ ಸಿಕ್ಕಿತು. ನನಗೂ ಆಗ ಬರೀ ತಮಾಷೆಯಾಗಿಯೇ ಕಂಡಿತ್ತು.

ಘಾಟಿಯ ಮೇಲೆ ನನ್ನ ತಂಗಿ ಇದ್ದಾಳೆ. ವಿರಾಜಪೇಟೆ ಕಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಆಗ ಅವಳಿಗೆ 43. ದೇಶದಲ್ಲಿ ಲಸಿಕೆ ಶುರುವಾದದ್ದು 2021ರ ಜನವರಿ 16ಕ್ಕೆ, ಆಸ್ಪತ್ರೆಯವರಿಂದ. ಫೆಬ್ರವರಿ ಮೊದಲ ವಾರ ಪೊಲೀಸರು, ಪೌರಕಾರ್ಮಿಕರು, ಕಂದಾಯ ಇಲಾಖೆಯವರು. ಮಾರ್ಚ್ 1ಕ್ಕೆ ಹಿರಿಯರು. ಏಪ್ರಿಲ್ 1ಕ್ಕೆ 45 ದಾಟಿದ ಎಲ್ಲರೂ. ಈ ಸಾಲಿನಲ್ಲಿ ಎಲ್ಲೂ ಶಾಲೆ ಅನ್ನುವ ಪದ ಇಲ್ಲ. ಇನ್ನೊಂದು ವಿಚಿತ್ರ ಕೇಳಿ. ತಂಗಿಯ ಶಾಲೆಯ ಕಾಂಪೌಂಡಿನಲ್ಲೇ ಅಂಗನವಾಡಿ ಇದೆ, ನಡುವೆ ಒಂದು ಗೋಡೆ ಅಷ್ಟೇ. ಅಂಗನವಾಡಿಯವರನ್ನು ಆರೋಗ್ಯ ಕಾರ್ಯಕರ್ತರ ಗುಂಪಿಗೆ ಸೇರಿಸಿದ್ದರು, ಅವರಿಗೆ ಮೊದಲ ಸುತ್ತಿನಲ್ಲೇ ಆಯಿತು. ಐದು ವರ್ಷದ ಮಗುವಿನ ಟೀಚರ್‌ಗೆ ಲಸಿಕೆ. ಅದೇ ಮಗು ಗೋಡೆ ದಾಟಿ ಒಂದನೇ ಕ್ಲಾಸಿಗೆ ಬಂದರೆ ಅಲ್ಲಿನ ಟೀಚರ್‌ಗೆ ಇಲ್ಲ.

ಆದರೂ ಈ ವಿಷಯದಲ್ಲಿ ನನ್ನ ಯೋಚನೆ ತಿರುಗಿಸಿದ್ದು ಈ ಪಟ್ಟಿಗಳಲ್ಲ. ತಂಗಿ ಫೋನಿನಲ್ಲಿ ಹೇಳಿದ ಒಂದು ಸಂಗತಿ.

ಏಪ್ರಿಲ್ 11ರಿಂದ 14ರವರೆಗೆ ದೇಶದಾದ್ಯಂತ ಲಸಿಕಾ ಉತ್ಸವ ಅಂತ ಮಾಡಿದರು, ನೆನಪಿದೆಯಲ್ವಾ? ಅದರ ಆಸುಪಾಸಿನಲ್ಲಿ ಅವಳ ಶಾಲೆಯವರಿಗೂ ಕೆಲಸ ಬಂತು. ಬುಡಕಟ್ಟಿನವರ ಹಾಡಿಗೆ, ತೋಟದ ಕೂಲಿಯವರ ಲೈನ್ ಮನೆಗಳಿಗೆ ಹೋಗಿ 45 ದಾಟಿದವರ ಪಟ್ಟಿ ಮಾಡಬೇಕು, ಲಸಿಕೆಗೆ ಬರುವಂತೆ ಒಪ್ಪಿಸಬೇಕು. ಅವಳ ಶಾಲೆಯ ಅರ್ಧದಷ್ಟು ಮಕ್ಕಳು ಯರವರ, ಜೇನುಕುರುಬರ ಹಾಡಿಯವರು. ಉಳಿದವರು ತೋಟದ ಲೈನ್ ಮನೆಯವರು, ಅದರಲ್ಲಿ ಅಸ್ಸಾಮಿನಿಂದ ಬಂದವರ ಮಕ್ಕಳೂ ಇದ್ದಾರೆ. ಹಾಡಿಯ ಹಾದಿ ಅವಳಿಗೆ ಹೊಸದಲ್ಲ. ಶಾಲೆ ಮುಚ್ಚಿದ್ದಾಗ ಮೇಷ್ಟ್ರುಗಳೇ ಮಕ್ಕಳಿದ್ದಲ್ಲಿಗೆ ಹೋಗಿ ಪಾಠ ಮಾಡುತ್ತಿದ್ದ ವಿದ್ಯಾಗಮದ ಕಾಲದಲ್ಲಿ ಅಲ್ಲೇ ಒಂದು ಹಲಸಿನ ಮರದ ಕೆಳಗೆ ಮಕ್ಕಳನ್ನು ಕೂರಿಸಿ ಪಾಠ ಮಾಡಿದ್ದಳು. ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಆನ್‌ಲೈನ್ ಕ್ಲಾಸ್ ಅನ್ನೋದು ಸುಮ್ನೆ ಮಾತು. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರ್ರೂ ಹೋಗುತ್ತದೆ.

ಹಾಡಿಯಲ್ಲಿ ಒಬ್ಬ ಅಜ್ಜಿ. ಮೂರು ಮೊಮ್ಮಕ್ಕಳು ತಂಗಿಯ ಕ್ಲಾಸಿನಲ್ಲಿ ಓದಿದವರು. ಅಜ್ಜಿ ಮಾತು ಒಪ್ಪಿದರೆ ನಾಲ್ಕು ಮನೆ ಒಪ್ಪುತ್ತದೆ. ತಂಗಿ ಅರ್ಧ ಗಂಟೆ ಕೂತು ಹೇಳಿದಳಂತೆ. ಅಜ್ಜಿ ಎಲ್ಲ ಕೇಳಿಸಿಕೊಂಡು, ಎಲೆ ಅಡಿಕೆ ಉಗಿದು, ಒಂದೇ ಪ್ರಶ್ನೆ ಕೇಳಿದ್ದಾರೆ.

"ಟೀಚರ್, ನೀವು ಹಾಕ್ಸಿದ್ರಾ?"

ಇವಳು ಏನು ಹೇಳಬೇಕು? "ನಂಗೆ ಇನ್ನೂ ವಯಸ್ಸಾಗಿಲ್ಲ ಅಜ್ಜಿ, ನನ್ನ ಸರದಿ ಬಂದಿಲ್ಲ" ಅಂದಳಂತೆ. ನಿಜವೇ. ಆದರೆ ಕೇಳುವವರ ಕಿವಿಗೆ ಅದು ಹೇಗೆ ಕೇಳಿಸುತ್ತೆ? ಪಕ್ಕದ ಮನೆಯಿಂದ ಯಾರೋ ನಕ್ಕರಂತೆ. ಅಜ್ಜಿ ಜಗಳ ಆಡಲಿಲ್ಲ. "ಜ್ವರ ಬಂದು ಮೂರು ದಿನ ಮಲಗಿದ್ರೆ ಕೂಲಿ ಯಾರು ಕೊಡ್ತಾರೆ? ನೀವು ಹಾಕ್ಸಿ, ಏನಾಯ್ತು ಅಂತ ಬಂದು ಹೇಳಿ. ಆಮೇಲೆ ನೋಡುವ" ಅಂದು ಸೌದೆ ತರಲು ಎದ್ದು ಹೋದರು.

"ಅಣ್ಣ, ನಂಗೆ ನಾಚಿಕೆ ಆಯ್ತು" ಅಂದಳು ತಂಗಿ. ನಾಚಿಕೆ ಪಡಬೇಕಾದವರು ಬೇರೆಯವರು ಅಂತ ನನಗೆ ಅನಿಸಿತು.

ಶಾಲೆಯವರಿಗೆ ಲಸಿಕೆ ಮೊದಲು ಕೊಡಬೇಕಾ ಬೇಡವಾ ಅನ್ನುವ ಚರ್ಚೆ ಪ್ರಪಂಚದಲ್ಲೆಲ್ಲ ನಡೆಯಿತು. ಡಾಕ್ಟರು, ನರ್ಸುಗಳು, ಜೀವಕ್ಕೆ ಹೆಚ್ಚು ಅಪಾಯ ಇರುವವರು ಆದ ಮೇಲೆ ಶಿಕ್ಷಕರಿಗೆ ಕೊಡಿ ಅಂತ ಯುನಿಸೆಫ್ 2020ರ ಡಿಸೆಂಬರ್‌ನಲ್ಲೇ ಕೇಳಿತ್ತು. ಬ್ರಿಟನ್ ಒಪ್ಪಲಿಲ್ಲ. ಅಲ್ಲಿನ ಲಸಿಕಾ ಸಲಹಾ ಸಮಿತಿ 2021ರ ಫೆಬ್ರವರಿ 26ರಂದು, 50ರ ಕೆಳಗಿನವರಿಗೂ ವಯಸ್ಸಿನ ಪ್ರಕಾರವೇ ಕೊಡೋಣ, ಕೆಲಸ ನೋಡಿ ಕೊಡುವುದು ಬೇಡ ಅಂದಿತು. ಅವರ ವಾದ ಸಡಿಲವಾಗಿರಲಿಲ್ಲ. ಸಾವಿನ ಅಪಾಯ ಏರುವುದು ವಯಸ್ಸಿನ ಜೊತೆ. ವಯಸ್ಸು ಎಲ್ಲರ ದಾಖಲೆಯಲ್ಲೂ ಇದೆ. ಕೆಲಸ ನೋಡಿ ಆರಿಸಲು ಹೋದರೆ ವೇಗ ತಗ್ಗುತ್ತದೆ, ವೇಗ ತಗ್ಗಿದರೆ ಸಾವು ಹೆಚ್ಚುತ್ತದೆ. ಅದಕ್ಕೂ ತಿಂಗಳು ಮೊದಲು ಅಲ್ಲಿನ ಅಂಕಿಅಂಶ ಕಚೇರಿ ಕೆಲಸವಾರು ಸಾವಿನ ಲೆಕ್ಕ ಕೊಟ್ಟಿತ್ತು. ಶಿಕ್ಷಕರಲ್ಲಿ ಸಾವು ಎದ್ದು ಕಾಣುವಷ್ಟು ಹೆಚ್ಚಿರಲಿಲ್ಲ. ಹೆಚ್ಚಿದ್ದದ್ದು ಸೆಕ್ಯುರಿಟಿ ಗಾರ್ಡು, ಟ್ಯಾಕ್ಸಿ ಚಾಲಕ, ಹೋಟೆಲ್ ಬಾಣಸಿಗರಂಥವರಲ್ಲಿ. ಇಂಗ್ಲೆಂಡಿನ ಶಾಲೆಗಳು ಮಾರ್ಚ್ 8ಕ್ಕೆ ತೆರೆದವು, ವಯಸ್ಸಾಗದ ಟೀಚರುಗಳು ಲಸಿಕೆ ಇಲ್ಲದೇ ಕ್ಲಾಸಿಗೆ ಹೋದರು.

ಈ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ನನ್ನ ಅಮ್ಮನಿಗೆ ಆಗ 70. ಒಂದೇ ಡೋಸ್ ಇದ್ದು, ಅಮ್ಮನಿಗೋ ಆರೋಗ್ಯವಾಗಿರುವ ಮೇಷ್ಟ್ರಿಗೋ ಅಂತ ಕೇಳಿದರೆ ಅಮ್ಮನಿಗೇ ಅನ್ನುತ್ತೇನೆ. ತಂಗಿಯೂ ಅದನ್ನೇ ಅಂತಾಳೆ. ಅದರಲ್ಲಿ ಜಗಳವೇ ಇಲ್ಲ.

ಜಗಳ ಇರುವುದು ನನ್ನ ಡೋಸಿನ ಬಗ್ಗೆ. ಆಗ ನನಗೆ 47. ಏಪ್ರಿಲ್ ಮೊದಲ ವಾರವೇ ಹಾಕಿಸಿಕೊಂಡೆ. ನನ್ನ ಕೆಲಸ ಏನು? ಅಂಗಡಿಯ ಒಳಕೋಣೆ, ಒಂದು ಕಂಪ್ಯೂಟರು, ದಿನಕ್ಕೆ ಮೂರ್ನಾಲ್ಕು ಜನ. ಅದೇ ತಿಂಗಳು ತಂಗಿ ಲೈನ್ ಮನೆಗಳ ಹೊಸಿಲು ದಾಟುತ್ತಿದ್ದಳು. ಒಂದೊಂದು ಕೋಣೆಯಲ್ಲಿ ಆರೇಳು ಜನ ಮಲಗುವ ಮನೆಗಳು ಅವು. 60 ದಾಟಿದವರು ಮುಗಿದ ಮೇಲೆ, ನನ್ನಂಥ 45ರಿಂದ 59ರ ಗಟ್ಟಿಮುಟ್ಟು ಮಂದಿಗಿಂತ ಮೊದಲು ಶಾಲೆಯವರನ್ನು ಕರೆಯಬಹುದಿತ್ತು. ನಾನು ಕೇಳುತ್ತಿರುವುದು ಇಷ್ಟೇ. ಒಂದು ತಾಲ್ಲೂಕಿನಲ್ಲಿ ಶಾಲೆಯವರು ಎಷ್ಟು ಮಂದಿ ಅನ್ನುವ ಪಟ್ಟಿ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಯಲ್ಲಿ ಸಿದ್ಧವಾಗಿಯೇ ಇರುತ್ತದೆ. ಹುಡುಕುವ ಕಷ್ಟ ಇಲ್ಲ. ಬ್ರಿಟನ್ನಿನವರ ವೇಗದ ವಾದ ನಮ್ಮಲ್ಲಿ ಅಲ್ಲಿಗೇ ನಿಲ್ಲುತ್ತದೆ. ಇನ್ನು ಹಾಡಿಯ ಅಜ್ಜಿ ಕೇಳಿದ ಪ್ರಶ್ನೆ ಲಂಡನ್ನಿನ ಸಮಿತಿಯ ಮುಂದೆ ಬಂದಿರಲಿಕ್ಕಿಲ್ಲ. ನಮ್ಮಲ್ಲಿ ಟೀಚರ್ ತೋಳಿಗೆ ಬೀಳುವ ಒಂದು ಸೂಜಿಯ ಹಿಂದೆ ಹತ್ತು ತೋಳು ಬರುತ್ತವೆ.

ಅಮೆರಿಕ ಬೇರೆ ದಾರಿ ಹಿಡಿಯಿತು. ಮಾರ್ಚ್ 2ರಂದು ಅಧ್ಯಕ್ಷ ಬೈಡನ್, ತಿಂಗಳು ಮುಗಿಯುವುದರೊಳಗೆ ಶಾಲೆಯವರಿಗೆಲ್ಲ ಕಡೇಪಕ್ಷ ಒಂದು ಡೋಸ್ ಆಗಬೇಕು ಅಂದರು. ಬೀದಿಬೀದಿಯ ಔಷಧಿ ಅಂಗಡಿಗಳಲ್ಲೂ ಅವರಿಗೆ ಕೊಟ್ಟರು. ಏಪ್ರಿಲ್ ಮೊದಲ ವಾರ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕೊಟ್ಟ ಲೆಕ್ಕದ ಪ್ರಕಾರ ಸುಮಾರು ಶೇ 80ರಷ್ಟು ಶಾಲಾ ಸಿಬ್ಬಂದಿಗೆ ಒಂದು ಡೋಸ್ ಆಗಿತ್ತು. ನನಗೆ ಇಷ್ಟವಾದದ್ದು ಆ ಆದೇಶ ಯಾರನ್ನೆಲ್ಲ ಸೇರಿಸಿಕೊಂಡಿತು ಅನ್ನುವುದು. ಟೀಚರ್ ಮಾತ್ರ ಅಲ್ಲ, ಶಾಲೆಯ ಸಿಬ್ಬಂದಿ, ಬಸ್ ಓಡಿಸುವವರು, ಪುಟ್ಟ ಮಕ್ಕಳನ್ನು ನೋಡಿಕೊಳ್ಳುವವರು, ಎಲ್ಲರೂ.

ನಮ್ಮ ಕಡೆ ಏನಾಯಿತು? 2021ರ ಮೇ ತಿಂಗಳಲ್ಲಿ ಕರ್ನಾಟಕ 18ರಿಂದ 44ರವರಲ್ಲಿ ಯಾರಿಗೆ ಮೊದಲು ಅಂತ ಒಂದು ಪಟ್ಟಿ ಮಾಡಿತು. ಅದರಲ್ಲಿ ಶಿಕ್ಷಕರೂ ಇದ್ದರು. ಆದರೆ "ಕೋವಿಡ್ ಕರ್ತವ್ಯಕ್ಕೆ ನಿಯೋಜಿತರಾದ" ಶಿಕ್ಷಕರು! ಜುಲೈ 19 ಮತ್ತು 22ಕ್ಕೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಇಟ್ಟಾಗ, ಪರೀಕ್ಷಾ ಕೆಲಸಕ್ಕೆ ಬರುವವರಿಗೆ ಒಂದು ಡೋಸಾದರೂ ಆಗಿರಬೇಕು ಅಂದರು. ಕೇರಳದಲ್ಲಿ ವೋಟಿನ ಡ್ಯೂಟಿ, ನಮ್ಮಲ್ಲಿ ಕೋವಿಡ್ ಡ್ಯೂಟಿ, ಆಮೇಲೆ ಪರೀಕ್ಷೆ ಡ್ಯೂಟಿ. ಬರೀ ಪಾಠ ಹೇಳುತ್ತಾರೆ ಅನ್ನುವ ಕಾರಣಕ್ಕೆ ದೇಶ ಮೇಷ್ಟ್ರ ಹೆಸರು ಹಿಡಿದು ಕರೆದದ್ದು ಆಗಸ್ಟ್ 25ಕ್ಕೆ. ಸೆಪ್ಟೆಂಬರ್ 5ರ ಶಿಕ್ಷಕರ ದಿನದೊಳಗೆ ಎಲ್ಲ ಶಿಕ್ಷಕರಿಗೂ ಲಸಿಕೆ ಆಗಲಿ ಅಂತ ಕೇಂದ್ರ ರಾಜ್ಯಗಳಿಗೆ ಹೆಚ್ಚುವರಿ 2 ಕೋಟಿ ಡೋಸ್ ಕೊಡುವುದಾಗಿ ಹೇಳಿತು. ಹಾರ ಶಾಲಿನ ಬದಲು ಸೂಜಿ. ಇರಲಿ, ಶಾಲಿಗಿಂತ ವಾಸಿ. ಅಷ್ಟರಲ್ಲಿ ಎರಡನೇ ಅಲೆ ಬಂದು ಹೋಗಿತ್ತು. ಉತ್ತರ ಪ್ರದೇಶದ ಪಂಚಾಯಿತಿ ಚುನಾವಣೆ ಕೆಲಸಕ್ಕೆ ಹೋಗಿ ಸತ್ತವರು 1,621 ಅಂತ ಅಲ್ಲಿನ ಶಿಕ್ಷಕರ ಸಂಘ ಪಟ್ಟಿ ಕೊಟ್ಟರೆ, ಸರ್ಕಾರ ಮೊದಲು ಒಪ್ಪಿದ್ದು ಮೂರು.

ಕೇರಳವನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ಮಾರ್ಚ್‌ನಲ್ಲೇ ಸೂಜಿ ಚುಚ್ಚಿಸಿಕೊಂಡ ನಮ್ಮ ಮಾಷ್ ಚಿಕ್ಕ ಮಕ್ಕಳ ಮುಖ ಕ್ಲಾಸಿನಲ್ಲಿ ನೋಡಿದ್ದು ನವೆಂಬರ್ 1ಕ್ಕೆ. ಕರ್ನಾಟಕದಲ್ಲಿ ಅದಕ್ಕಿಂತ ಒಂದು ವಾರ ಮೊದಲೇ ಒಂದರಿಂದ ಐದನೇ ಕ್ಲಾಸು ಶುರುವಾಗಿತ್ತು. ಬೇಗ ಲಸಿಕೆ ಕೊಟ್ಟ ಮಾತ್ರಕ್ಕೆ ಬೇಗ ಬಾಗಿಲು ತೆರೆಯುವುದಿಲ್ಲ ಅನ್ನುವುದಕ್ಕೆ ಇರಿಟ್ಟಿಯೇ ಸಾಕ್ಷಿ. ಕೊನೆಗೆ ಡಿಸೆಂಬರ್‌ನಲ್ಲಿ ಇಲ್ಲಿನ ಶಿಕ್ಷಣ ಸಚಿವರು ಇನ್ನೊಂದು ಲೆಕ್ಕ ಹೊರಗಿಟ್ಟರು. ಶಾಲಾ ಸಿಬ್ಬಂದಿಯಲ್ಲಿ 1,707 ಮಂದಿ ಇನ್ನೂ ಲಸಿಕೆಯನ್ನೇ ಹಾಕಿಸಿಕೊಂಡಿರಲಿಲ್ಲ! ಅವರು ವಾರಕ್ಕೊಮ್ಮೆ ಸ್ವಂತ ಖರ್ಚಿನಲ್ಲಿ ಆರ್‌ಟಿಪಿಸಿಆರ್ ಮಾಡಿಸಿ ತರಬೇಕಾಯಿತು. ಇದು ನನಗೆ ಸರಿ ಕಂಡಿತು. ಮೊದಲು ಕೊಡಿ ಅಂತ ಕೇಳುವವರು, ಕೊಟ್ಟಾಗ ಬೇಡ ಅಂದರೆ ಹೇಗೆ?

ಆಗಸ್ಟ್‌ನಲ್ಲಿ ಅಮ್ಮನನ್ನು ನೋಡಲು ಊರಿಗೆ ಹೊರಟೆ. ಎರಡು ಡೋಸ್ ಆಗಿದ್ದರೂ ಕೇರಳದಿಂದ ಬರುವವರಿಗೆ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ಬೇಕು ಅನ್ನುವ ನಿಯಮ ಬಂದಿತ್ತು. ಮೂಗಿಗೆ ಕಡ್ಡಿ ಹಾಕಿಸಿಕೊಂಡು, ಕಾಗದ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬೈಕ್ ಹತ್ತಿದೆ. ಘಾಟಿಯಲ್ಲಿ ಧೋ ಅಂತ ಮಳೆ. ಗಡಿಯಲ್ಲಿ ನೀಲಿ ಟಾರ್ಪಾಲ್ ಕೆಳಗೆ ಮೇಜು, ಅದರ ಹಿಂದೆ ಒಬ್ಬ ಹುಡುಗ. ಪೊಲೀಸಿನವನಲ್ಲ. ಪ್ಯಾಂಟಿನ ಕಾಲು ಮಡಚಿದ್ದಾನೆ, ಜಿಗಣೆಗೆ ಹೆದರಿ ಕಾಲಿಗೆ ಸುಣ್ಣ ಹಚ್ಚಿಕೊಂಡಿದ್ದಾನೆ. ಮಾತಾಡಿಸಿದರೆ ಬಾಗಲಕೋಟೆ ಕಡೆಯ ಮೇಷ್ಟ್ರು. ಕೊಡಗಿನ ಸರ್ಕಾರಿ ಶಾಲೆಗಳಲ್ಲಿ ಬಯಲುಸೀಮೆಯಿಂದ ಬಂದ ಎಳೆಯ ಮೇಷ್ಟ್ರುಗಳು ಹೊಸಬರೇನಲ್ಲ. ನನ್ನ ಸರ್ಟಿಫಿಕೇಟ್ ತಿರುಗಿಸಿ ನೋಡಿ, "ನಿಮ್ಮದು ಎರಡೂ ಆಗ್ಯಾವೇನ್ರೀ ಸರ? ನಂದು ಒಂದs ಆಗೇತ್ರಿ" ಅಂದರು. ದಿನಕ್ಕೆ ಎಷ್ಟು ಗಾಡಿ ಬರುತ್ತೆ ಅಂತ ಕೇಳಿದೆ. "ಎಣಿಸೂದು ಬಿಟ್ಟೀನ್ರಿ" ಅಂದರು. ನನ್ನ ಒದ್ದೆ ಕಾಗದವನ್ನು ತಮ್ಮ ಕರವಸ್ತ್ರದಿಂದ ಒರೆಸಿ ವಾಪಸ್ ಕೊಟ್ಟರು.

ಆ ತಿಂಗಳ 23ಕ್ಕೆ ಕರ್ನಾಟಕದಲ್ಲಿ ಒಂಬತ್ತನೇ ತರಗತಿಯಿಂದ ಮೇಲಿನವು ಶುರುವಾದವು, ಪಾಸಿಟಿವಿಟಿ, ಅಂದರೆ ಪರೀಕ್ಷೆ ಮಾಡಿದವರಲ್ಲಿ ಸೋಂಕು ಕಂಡವರ ಪ್ರಮಾಣ, ಶೇ 2ರ ಕೆಳಗಿದ್ದ ಜಿಲ್ಲೆಗಳಲ್ಲಿ ಮಾತ್ರ. ಕೊಡಗಿನಲ್ಲಿ ಆವತ್ತು ತೆರೆಯಲಿಲ್ಲ.

ತಂಗಿಗೆ ಮೊದಲ ಡೋಸ್ ಆದದ್ದು ಜೂನ್‌ನಲ್ಲಿ, ಕೋವಿಡ್ ಡ್ಯೂಟಿ ಪಟ್ಟಿಯಲ್ಲಿ. ಒಂದು ರಾತ್ರಿ ಜ್ವರ, ಮರುದಿನ ಸರಿ. ವಾರ ಬಿಟ್ಟು ಹಾಡಿಗೆ ಹೋದಳು. ಅಜ್ಜಿ ತೋಳು ಮುಟ್ಟಿ ನೋಡಿದರಂತೆ, ಗುರುತೇ ಇಲ್ಲವಲ್ಲ ಅಂತ ಅನುಮಾನಪಟ್ಟರಂತೆ. ಆ ಸಲ ಹಾಡಿಯಿಂದ ಹನ್ನೊಂದು ಜನ ಜೀಪು ಹತ್ತಿದರು. ಅಜ್ಜಿ ಹತ್ತಲಿಲ್ಲ. ಮುಂದಿನ ಸಲ ಅಂದರು.

ಶಾಲೆಯಲ್ಲಿ ಬಿಸಿಯೂಟ ಮಾಡುವ ಅಕ್ಕ ಒಬ್ಬರಿದ್ದಾರೆ. ಅದೇ ಹಾಡಿಯ ಪಕ್ಕದ ಲೈನ್ ಮನೆಯವರು, 38 ವರ್ಷ. ತಿಂಗಳಿಗೆ ಆಗ ಅವರಿಗೆ ಸಿಗುತ್ತಿದ್ದ ಗೌರವಧನ ಮೂರು ಸಾವಿರವೂ ಇಲ್ಲ. ಶಾಲೆ ಮುಚ್ಚಿದ್ದಾಗ ಮಕ್ಕಳಿಗೆ ಅಕ್ಕಿ, ಬೇಳೆ ತೂಗಿ ಕಟ್ಟಿ ಹಂಚಲು ಬಂದವರು ಅವರೇ. ಹಾಡಿಯವರಿಗೆ ತಂಗಿಗಿಂತ ಅವರ ಮಾತೇ ಜಾಸ್ತಿ ಹತ್ತಿರ. ಆದರೆ ಅವರಿಗೆ ಯಾವ ಡ್ಯೂಟಿ ಆದೇಶವೂ ಬಂದಿರಲಿಲ್ಲ, ಹಾಗಾಗಿ ಯಾವ ಪಟ್ಟಿಯಲ್ಲೂ ಹೆಸರಿಲ್ಲ. ಎರಡು ಸಲ ಕೂಲಿ ಬಿಟ್ಟು ಹೋಗಿ, ಟೋಕನ್ ಮುಗೀತು ಅಂತ ವಾಪಸ್ ಬಂದರು. ಆಗಸ್ಟ್ ಕೊನೆಯಲ್ಲಿ ಮೂರನೇ ಸಲ ಹೋದಾಗ ಸಿಕ್ಕಿತು. ಜೊತೆಗೆ ಆ ಅಜ್ಜಿಯನ್ನೂ ಕರೆದುಕೊಂಡು ಹೋಗಿದ್ದರು.