ಅಂಬಾಸಿಡರ್ ಅಲ್ಲ ಅದು, ಹಿಂಭಾಗ ನೋಡಿ

ಶಿರಸಿ ಪೇಟೆಯ ಹಳೇ ಫೋಟೋಗೆ ‘1952, ಅಂಬಾಸಿಡರ್ ಕಾರು’ ಎಂದು ಹಾಕಿದ್ದೀರಿ. ಅಂಬಾಸಿಡರ್ ಬಂದದ್ದೇ 1957ರಲ್ಲಿ! ಕಾರಿನ ಹಿಂಭಾಗ ದೊಡ್ಡದು ಮಾಡಿ ನೋಡಿ. ಲೈಟಿನ ಮೇಲೆ ಮೀನಿನ ರೆಕ್ಕೆ ಹಾಗೆ ಎದ್ದ ಅಂಚಿಲ್ಲ, ಗುಂಡಗೆ ಇಳಿದಿದೆ. ಅದು ಲ್ಯಾಂಡ್‌ಮಾಸ್ಟರ್, ಅಂಬಾಸಿಡರಿನ ಅಣ್ಣ. ಅದೂ 1954ಕ್ಕಿಂತ ಮೊದಲು ಇರಲಿಲ್ಲ.

ನಂಬರ್ ಪ್ಲೇಟ್ ‘ಬಿ’ಯಿಂದ ಶುರುವಾಗಿದೆ ಅಲ್ವಾ? 1956ರ ಅಕ್ಟೋಬರ್ ಮುಗಿಯುವವರೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ (ಬಾಂಬೆ) ರಾಜ್ಯದಲ್ಲಿತ್ತು, ಅದಕ್ಕೇ ‘ಬಿ’. ಮೈಸೂರು ರಾಜ್ಯದ ‘ಎಂವೈ’ ನಂಬರ್ ಆಮೇಲಿನದು. ಆದರೆ ಅದೊಂದನ್ನೇ ಜಾಸ್ತಿ ನಂಬಬೇಡಿ, ಹಳೇ ನಂಬರಿನ ಗಾಡಿ ಎಷ್ಟೋ ವರ್ಷ ಓಡಾಡಿರುತ್ತದೆ.

ಪಕ್ಕದ್ದು ಫಿಯೆಟ್ 1100. ಮುಂದಿನ ಬಾಗಿಲು ಉಲ್ಟಾ, ಅಂದರೆ ಕೀಲು ಹಿಂದಿರುವ ಹಾಗೆ ತೆರೆದಿದೆ ನೋಡಿ. ಅಂಥದೇ ಬಾಗಿಲಿಗೆ ಚಿಕ್ಕಂದಿನಲ್ಲಿ ನನ್ನ ಬೆರಳು ಸಿಕ್ಕಿತ್ತು. ಅಪ್ಪಚ್ಚಿ (ಚಿಕ್ಕಪ್ಪ) ಬೈದದ್ದು ಮಾತ್ರ ನನಗೇ.