ಅಪ್ಪ-ಅಮ್ಮನಿಗೆ ಎಂಥ ಪರೀಕ್ಷೆ?

ತಮ್ಮನ ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸೋಕೆ ಅಂತ ಇವತ್ತು ಬೆಳಿಗ್ಗೆ ಶಿವಮೊಗ್ಗದ ಒಂದು ಖಾಸಗಿ ಶಾಲೆಗೆ ಹೋಗಿದ್ದೆವು. ಮನೆಗೆ ಬಂದು ಒಂದು ಲೋಟ ಕಷಾಯ ಕುಡಿದರೂ ಸಿಟ್ಟು ಇಳಿದಿಲ್ಲ. ಅದಕ್ಕೇ ಬರೀತಿದ್ದೇನೆ. ಉದ್ದ ಆದರೆ ಬೈಕೋಬೇಡಿ.

ತಮ್ಮ ನಿಮಗೆ ಗೊತ್ತಲ್ಲ, ಸಾಗರ ರಸ್ತೆಯಲ್ಲಿ ವೆಲ್ಡಿಂಗ್ ಶಾಪ್ ಇಟ್ಟವನು. ಇದನ್ನು ಓದ್ತಿರೋ ಕೆಲವರ ಮನೆ ಗೇಟು ಅವನ ಕೈಯದ್ದೇ. ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐ ಮಾಡಿದವನು. ಅವನ ಹೆಂಡತಿ ಪಿಯುಸಿ. ಇಬ್ಬರೂ ಇವತ್ತು ಮಗಳಿಗಿಂತ ಜಾಸ್ತಿ ತಯಾರಾಗಿ ಬಂದಿದ್ದರು. ಯಾಕೆಂದರೆ ಪರೀಕ್ಷೆ ಇದ್ದದ್ದು ಅವರಿಗೆ.

ಹೌದು, ಅವರಿಗೇ. ಮಗುವಿಗೆ ನಾಲ್ಕು ಬಣ್ಣ, ನಾಲ್ಕು ಹಣ್ಣಿನ ಹೆಸರು ಕೇಳಿ ಕಳಿಸಿದರು. ಆಮೇಲೆ ಗಂಡ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಇಂಗ್ಲಿಷಿನಲ್ಲಿ ಶುರು ಮಾಡಿದರು. ನಮ್ಮ ಶಾಲೆಯೇ ಯಾಕೆ ಬೇಕು? ಮನೆಯಲ್ಲಿ ಯಾವ ಭಾಷೆ ಮಾತಾಡ್ತೀರಿ? ಮಗುವಿಗೆ ಹೋಮ್‌ವರ್ಕ್ ಯಾರು ಮಾಡಿಸ್ತೀರಿ? ನಾನು ಸೋದರತ್ತೆ ಅಂತ ಹೇಳಿಕೊಂಡು ಹಿಂದಿನ ಕುರ್ಚಿಯಲ್ಲಿ ಕೂತಿದ್ದೆ. ‘ಕನ್ನಡ’ ಅನ್ನುವಾಗ ತಮ್ಮ ತಲೆ ತಗ್ಗಿಸಿದ. ಶಿವಮೊಗ್ಗದಲ್ಲಿ ಕೂತು, ಮನೆಯಲ್ಲಿ ಕನ್ನಡ ಮಾತಾಡ್ತೇವೆ ಅನ್ನೋಕೆ ತಲೆ ತಗ್ಗಿಸಬೇಕು! ಪ್ರಶ್ನೆ ಕೇಳಿದ ಮೇಡಂ ಮಧ್ಯದಲ್ಲಿ ಆಯಾಗೆ ‘ಫ್ಯಾನ್ ಸ್ವಲ್ಪ ಜೋರು ಮಾಡೇ’ ಅಂದರು. ಅಚ್ಚ ಕನ್ನಡ. ಅವರ ಇಂಗ್ಲಿಷಿಗಿಂತ ಅದೇ ಚೆನ್ನಾಗಿತ್ತು.

ಸಂದರ್ಶನ ಅಂತ ನಾನು ಬಾಯಿಬಿಟ್ಟದ್ದಕ್ಕೆ ‘ಛೇ ಛೇ, ಸುಮ್ನೆ ಇಂಟರಾಕ್ಷನ್ ಅಷ್ಟೇ ಮೇಡಂ’ ಅಂದರು. ಸುಮ್ನೆ ಮಾತಾಡೋದಾದರೆ ಕೈಯಲ್ಲಿ ಪಟ್ಟಿ ಎಂಥಕ್ಕೆ? ಹೆಸರಿನ ಮುಂದೆ ಅಂಕ ಹಾಕೋದು ಎಂಥಕ್ಕೆ?

ಆ ಹೋಮ್‌ವರ್ಕ್ ಪ್ರಶ್ನೆ ನೋಡಿ, ನನಗೆ ತಲೆ ಕೆಟ್ಟದ್ದು ಅಲ್ಲೇ. ಫೀಸು ತಗೊಳ್ಳೋರು ನೀವು, ಪಾಠ ಹೇಳಿಕೊಡೋದು ಅಪ್ಪ ಅಮ್ಮನಾ? ಲೆಕ್ಕಾಚಾರ ಸರಳ. ಇಬ್ಬರೂ ಡಿಗ್ರಿ ಮಾಡಿರೋ ಮನೆ, ಸಂಜೆ ಪಕ್ಕದಲ್ಲಿ ಕೂತು ಓದಿಸೋ ಅಮ್ಮ, ಟ್ಯೂಷನ್ನಿಗೆ ದುಡ್ಡು ಸುರಿಯೋ ಅಪ್ಪ, ಇಂಥ ಕಡೆಯ ಮಕ್ಕಳನ್ನೇ ಆರಿಸಿಕೊಂಡರೆ ಶಾಲೆಗೆ ಕೆಲಸವೇ ಇಲ್ಲ. ಹತ್ತು ವರ್ಷ ಬಿಟ್ಟು ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ 625ಕ್ಕೆ ಇಷ್ಟು ಅಂತ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಕಟ್ಟಿದರಾಯ್ತು. ನಮ್ಮ ಎಪಿಎಂಸಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆ ವಿಂಗಡಿಸ್ತಾರಲ್ಲ, ಇವರೂ ಹಾಗೇ ಮೇಲಿನ ದರ್ಜೆಯ ಸರಕನ್ನಷ್ಟೇ ಎತ್ತಿಕೊಂಡು ಕೆಳಗಿನ ದರ್ಜೆಯ ಗೊರಬಲನ್ನು ಬಾಗಿಲಲ್ಲೇ ವಾಪಸ್ ಕಳಿಸ್ತಾರೆ. ಆದರೆ ತೋಟ ಮಾಡಿದ್ದು ತಾನು ಅಂತ ಮಂಡಿ ಸಾಹುಕಾರ ಯಾವತ್ತೂ ಹೇಳಿಕೊಂಡಿಲ್ಲ. ಅಷ್ಟು ಮರ್ಯಾದೆ ಅವನಿಗಿದೆ.

ಇದು ಬರೀ ನನ್ನ ಸಿಟ್ಟಲ್ಲ, ಕಾನೂನೇ ಇದೆ. ಶಿಕ್ಷಣ ಹಕ್ಕು ಕಾಯ್ದೆ, 2009ರದ್ದು, ಜಾರಿಗೆ ಬಂದದ್ದು 2010ರ ಏಪ್ರಿಲ್ 1ಕ್ಕೆ. ಅದರ 13ನೇ ಸೆಕ್ಷನ್ ತೆಗೆದು ಓದಿ. ಸೇರಿಸಿಕೊಳ್ಳುವಾಗ ಡೊನೇಷನ್ ಕೇಳುವಂತಿಲ್ಲ. ಮಗುವನ್ನಾಗಲಿ, ಅಪ್ಪ ಅಮ್ಮನನ್ನಾಗಲಿ ಸೋಸುವಂತಿಲ್ಲ. ಅಪ್ಪ ಅಮ್ಮ ಅಂತ ಬೇರೆಯಾಗಿಯೇ ಬರೆದಿದ್ದಾರೆ ಸ್ವಾಮಿ. ಕಾಯ್ದೆ ಬರೆದವರಿಗೆ ಇಂಥ ಮೇಡಂಗಳು ಮೊದಲೇ ಸಿಕ್ಕಿದ್ದರು ಅಂತ ಕಾಣುತ್ತೆ. ಮೀರಿದರೆ ಮೊದಲ ಸಲಕ್ಕೆ 25,000 ರೂಪಾಯಿವರೆಗೆ ದಂಡ, ಆಮೇಲಿನ ಪ್ರತಿ ಸಲಕ್ಕೆ 50,000 ರೂಪಾಯಿವರೆಗೆ. ಡೊನೇಷನ್ನಿಗಾದರೆ ತಗೊಂಡ ದುಡ್ಡಿನ ಹತ್ತು ಪಟ್ಟಿನವರೆಗೆ.

ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ ಕಾಯ್ದೆ ಅನ್ವಯಿಸಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ, ಗೊತ್ತು. ಈ ಶಾಲೆ ಆ ಲೆಕ್ಕಕ್ಕೆ ಬರಲ್ಲ, ವಿಚಾರಿಸಿಯೇ ಬರೀತಿದ್ದೇನೆ. ವಕೀಲ ಗೆಳೆಯರು ಸಮಾಧಾನವಾಗಿರಿ.

ಈಗ ಒಬ್ಬರು ಬಂದು ಹೇಳ್ತಾರೆ, ಸೀಟು ಕಡಿಮೆ, ಬರೋರು ಜಾಸ್ತಿ, ಹೇಗಾದರೂ ಆರಿಸಲೇಬೇಕಲ್ವಾ ಅಂತ. ಆರಿಸಲಿ. ಅದಕ್ಕೂ ಕಾಯ್ದೆಯಲ್ಲೇ ಉತ್ತರ ಇದೆ. ಒಂದು ಮಗುವನ್ನು ಬಿಟ್ಟು ಇನ್ನೊಂದನ್ನು ತಗೊಳ್ಳೋಕೆ, ಲಾಟರಿಯಂಥ ವಿಧಾನ ಬಿಟ್ಟು ಬೇರೆ ಏನು ಮಾಡಿದರೂ ಅದು ಸೋಸಿದ ಹಾಗೇ ಅಂತ ಎರಡನೇ ಸೆಕ್ಷನ್ನಿನಲ್ಲೇ ಹೇಳಿದ್ದಾರೆ. ಅಂದರೆ ಚೀಟಿ ಎತ್ತಿ. ಎಲ್ಲರ ಎದುರಿಗೆ ಡಬ್ಬಿ ಇಟ್ಟು, ಒಂದು ಮಗುವಿನ ಕೈಯಿಂದಲೇ ಎತ್ತಿಸಿ. ಸಿಗದಿದ್ದರೆ ಅದೃಷ್ಟ ಇರಲಿಲ್ಲ ಅಂತ ತಮ್ಮ ಮನೆಗೆ ಬರ್ತಾನೆ. ನನಗೆ ಇಂಗ್ಲಿಷ್ ಬರಲಿಲ್ಲ, ಅದಕ್ಕೆ ಮಗಳಿಗೆ ಸೀಟು ತಪ್ಪಿತು ಅಂತ ಬರಲ್ಲ. ಎರಡಕ್ಕೂ ವ್ಯತ್ಯಾಸ ಇಲ್ವಾ?

ಒಂದನೇ ಕ್ಲಾಸಿಗೆ ಸೇರೋಕೆ ಮಗುವಿಗೆ ಬೇಕಾದ್ದು ವಯಸ್ಸು. ಜೂನ್ 1ಕ್ಕೆ ಆರು ತುಂಬಿರಬೇಕು ಅಂತ ನಿಯಮ ಮಾಡಿ, 2025ರಲ್ಲಿ ಆ ಒಂದು ವರ್ಷಕ್ಕೆ ಅಂತ 5 ವರ್ಷ 5 ತಿಂಗಳಿಗೆ ಇಳಿಸಿದ್ದರು. ನಮ್ಮ ಹುಡುಗಿಗೆ ಆರು ದಾಟಿದೆ. ಅವಳ ಅಪ್ಪನ ವಯಸ್ಸು, ಡಿಗ್ರಿ, ಆದಾಯ ಯಾವ ನಿಯಮದಲ್ಲೂ ಇಲ್ಲ. ಅರ್ಜಿಯಲ್ಲಿ ಮಾತ್ರ ಅದಕ್ಕೆ ಒಂದು ಇಡೀ ಪುಟ.

ಸರ್ಕಾರದವರ ಕೊಡುಗೆಯೂ ಇದೆ ಇದರಲ್ಲಿ. ಮೊದಲು ಇದೇ ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಅಡಿ ಖಾಸಗಿ ಶಾಲೆಗಳ ಶೇ. 25 ಸೀಟಿಗೆ ತಮ್ಮನಂಥವರು ಅರ್ಜಿ ಹಾಕಬಹುದಿತ್ತು, ಲಾಟರಿಯಲ್ಲಿ ಬರ್ತಿತ್ತು. 2019ರಲ್ಲಿ ನಿಯಮ ಬದಲಿಸಿದರು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯವರು ಆ ಸೀಟು ಕೊಡಬೇಕಿಲ್ಲ. ಶಿವಮೊಗ್ಗದಂಥ ಊರಲ್ಲಿ ಸರ್ಕಾರಿ ಶಾಲೆ ಹತ್ತಿರ ಇಲ್ಲದ ಜಾಗ ಎಲ್ಲಿದೆ ಹೇಳಿ.

‘ಹಾಗಾದರೆ ಸರ್ಕಾರಿ ಶಾಲೆಗೇ ಹಾಕಿ’ ಅಂತ ಈಗಲೇ ಟೈಪ್ ಮಾಡ್ತಿದ್ದೀರಿ ಅಲ್ವಾ? ಹಾಕಬಹುದು. ನಾನೂ ತಮ್ಮನೂ ಹೊಸನಗರದ ಕಡೆಯ ಸರ್ಕಾರಿ ಶಾಲೆಯಲ್ಲೇ ಓದಿದ್ದು, ಆ ಕಥೆ ಕೇಳಿ ಕೇಳಿ ನಿಮಗೂ ಸಾಕಾಗಿದೆ. ಅಲ್ಲಿ ಅಪ್ಪಯ್ಯನಿಗೆ ಹೆಡ್‌ಮಾಸ್ತರು ಕೇಳಿದ್ದು ಮಕ್ಕಳ ಹೆಸರು, ಹುಟ್ಟಿದ ದಿನ ಮಾತ್ರ. ಈಗಲೂ ಜನನ ಪ್ರಮಾಣಪತ್ರ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವಂತಿಲ್ಲ. ಆದರೆ ಅದು ಬೇರೆ ಜಗಳ, ಇನ್ನೊಂದು ದಿನ ಆಡೋಣ. ಬಾಗಿಲಲ್ಲಿ ನಿಲ್ಲಿಸಿ ಅವಮಾನ ಮಾಡಿದವರನ್ನು ಬಿಟ್ಟು, ಅವಮಾನ ಆದವನಿಗೆ ಬೇರೆ ಮನೆಗೆ ಹೋಗು ಅನ್ನೋದು ಯಾವ ನ್ಯಾಯ ಮಾರಾಯ್ರೆ?

ಮಲೆನಾಡು ಶಿಕ್ಷಣ ಮಂತ್ರಿಗಳನ್ನು ಕೊಟ್ಟ ಸೀಮೆ. ಕೊಪ್ಪದ ಗೋವಿಂದೇಗೌಡರು, ತೀರ್ಥಹಳ್ಳಿಯ ಕಿಮ್ಮನೆ ರತ್ನಾಕರ, 2023ರಲ್ಲಿ ಮಂತ್ರಿಯಾದ ಸೊರಬದ ಮಧು ಬಂಗಾರಪ್ಪ. ಗೋವಿಂದೇಗೌಡರ ಕಾಲದಲ್ಲಿ ಲಂಚ, ಶಿಫಾರಸು ಇಲ್ಲದೆ ಮೇಷ್ಟ್ರಾದವರು ನಮ್ಮ ಕಡೆ ಈಗಲೂ ಅದನ್ನು ನೆನೆಸಿಕೊಳ್ತಾರೆ. ಮೇಷ್ಟ್ರ ಕೆಲಸವೇ ಹಾಗೆ ಸಿಕ್ಕ ನಾಡಿನಲ್ಲಿ ಒಂದನೇ ಕ್ಲಾಸಿನ ಸೀಟಿಗೆ ‘ಟ್ರಸ್ಟಿ ಯಾರಾದರೂ ಗೊತ್ತಾ’ ಅಂತ ಇವತ್ತು ನನಗೆ ಫೋನ್ ಬಂತು.

ಒಂದು ಮಾತು ಹೇಳಿಬಿಡ್ತೇನೆ. ಇಷ್ಟೆಲ್ಲ ಬೈದರೂ, ಆ ಹುಡುಗಿಗೆ ಅಲ್ಲೇ ಸೀಟು ಸಿಗಲಿ ಅಂತ ನನಗೂ ಆಸೆ ಇದೆ. ತಮ್ಮನ ಹೆಂಡತಿ ಆ ಯೂನಿಫಾರ್ಮ್ ನೋಡಿದ ರೀತಿ ನೋಡಿದ್ದೇನೆ. ಶಾಲೆಯ ಹೆಸರು ಬರೆಯದೇ ಇರೋದು ಅದಕ್ಕೇ, ಸಭ್ಯತೆಗಲ್ಲ. ಇನ್‌ಬಾಕ್ಸಿನಲ್ಲಿ ಯಾವ ಶಾಲೆ ಅಂತ ಕೇಳಬೇಡಿ, ಹೇಳಲ್ಲ.

ಲಿಸ್ಟ್ ಶನಿವಾರ ಹಾಕ್ತಾರಂತೆ. ಹೆಸರು ಬರಲಿ ಬಿಡಲಿ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಆಫೀಸಿಗೆ ಒಂದು ಅರ್ಜಿ ಕೊಡೋಣ ಅಂತಿದ್ದೇನೆ. ಹೆಸರು ಬಂದರೆ ಅಡ್ಮಿಷನ್ ರಸೀದಿ ಕೈಗೆ ಸಿಕ್ಕ ಮೇಲೆ, ಖಂಡಿತ. ಹೀಗೆ ದೂರು ಕೊಟ್ಟವರು ಯಾರಾದರೂ ಇದ್ದರೆ ಅರ್ಜಿ ಹೇಗೆ ಬರೆದಿರಿ, ಮುಂದೆ ಏನಾಯ್ತು ಅಂತ ತಿಳಿಸಿ. ನಿಮ್ಮನ್ನು ಏನೇನು ಕೇಳಿದರು ಅನ್ನೋದನ್ನೂ ಬರೀರಿ, ಅರ್ಜಿಗೆ ಸೇರಿಸ್ತೇನೆ.