ರಿಪೇರಿಗೆ ಕೈ ಹಾಕುವವರು ಯಾರು?

ಕೋಬಾಟ್ (ಮನುಷ್ಯರ ಪಕ್ಕದಲ್ಲೇ ಕೆಲಸ ಮಾಡಬಲ್ಲ ರೋಬಾಟ್) ಬಂದರೆ ಪರಮಾಣು ವಸ್ತು ಮುಟ್ಟುವ ಕೆಲಸಕ್ಕೆ ಮನುಷ್ಯರೇ ಬೇಕಾಗಿಲ್ಲ ಅನ್ನುತ್ತದೆ ನಾನು ಓದಿದ ಒಂದು ಲೇಖನ. ಅದು ಅಷ್ಟು ಸಲೀಸಲ್ಲ.

ಗ್ಲೋವ್‌ಬಾಕ್ಸ್ ಕೆಲಸವನ್ನೇ ನೋಡಿ. ಅದು ಗೋಡೆಗೇ ಕೈಗವಸು ಜೋಡಿಸಿದ, ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗಿನ ಕೆಲಸ. ದಪ್ಪ ರಬ್ಬರ್ ಕೈಗವಸಿನೊಳಗೆ ಕೈ ತೂರಿಸಿ ಪ್ಲುಟೋನಿಯಂ ಪುಡಿ ತೂಗಬೇಕು, ಡಬ್ಬಿಯ ಮುಚ್ಚಳ ತಿರುಗಿಸಬೇಕು. ಪ್ಲುಟೋನಿಯಂ ಸೂಸುವ ಆಲ್ಫಾ ಕಣವನ್ನು ಚರ್ಮವೇ ತಡೆಯುತ್ತದೆ, ನಿಜ. ಆದರೆ ಚೂಪಾದ ಚೂರೊಂದು ಕೈಗವಸು ಹರಿದು ಗಾಯ ಮಾಡಿದರೆ ಪ್ಲುಟೋನಿಯಂ ಮೈಯೊಳಗೆ ಸೇರಿ ವರ್ಷಗಟ್ಟಲೆ ಉಳಿಯುತ್ತದೆ. ಇಂಥ ಕಡೆ, ಅದರಲ್ಲೂ ದಿನವಿಡೀ ಮಾಡಿದ್ದನ್ನೇ ಮಾಡುವ ಕೆಲಸಕ್ಕೆ, ಕೋಬಾಟ್ ಖಂಡಿತ ಬರಲಿ.

ತೊಂದರೆ ಇರುವುದು ಬೇರೆ ಕಡೆ. ಗಾಮಾ ಕಿರಣ ಜಾಸ್ತಿ ಇದ್ದಲ್ಲಿ ಕೋಬಾಟ್‌ನ ಸೆನ್ಸರ್, ಚಿಪ್‌ಗಳೇ ಕೆಡುತ್ತವೆ. ಯಾರಿಗಾದರೂ ತಗುಲಿದ ಕೂಡಲೇ ನಿಲ್ಲುವ ಜಾಣತನ ಇರುವುದೇ ಅವುಗಳಲ್ಲಿ, ಅಲ್ವಾ? 1940ರ ದಶಕದ ಕೊನೆಯಲ್ಲಿ ಅಮೆರಿಕದ ಅರ್ಗಾನ್ ಪ್ರಯೋಗಾಲಯದಲ್ಲಿ ರೇಮಂಡ್ ಗೋರ್ಟ್ಜ್ ರೂಪಿಸಿದ ಮಾದರಿಯ ಮ್ಯಾನಿಪ್ಯುಲೇಟರ್‌ಗಳು ತೀವ್ರ ವಿಕಿರಣದ ವಸ್ತು ಇಡುವ, ದಪ್ಪ ಗೋಡೆಯ ಕೋಣೆಗಳಾದ ಹಾಟ್ ಸೆಲ್‌ಗಳಲ್ಲಿ ಇನ್ನೂ ಉಳಿದಿರುವುದು ಸುಮ್ನೆ ಅಲ್ಲ. ಗೋಡೆಯಾಚೆ ನಿಂತು ಕೈಯಲ್ಲೇ ಆಡಿಸುವ ಯಂತ್ರ ಅದು. ಅದರ ಎಲೆಕ್ಟ್ರಾನಿಕ್ಸ್ ಕೆಡುವುದಿಲ್ಲ, ಯಾಕೆಂದರೆ ಇಲ್ಲವೇ ಇಲ್ಲ!

ಇನ್ನು, ಪೆಟ್ಟಿಗೆಯೊಳಗೆ ಕೆಟ್ಟು ನಿಂತ ಕೋಬಾಟ್ ರಿಪೇರಿಗೆ ಕೊನೆಗೆ ಮನುಷ್ಯನೇ ಕೈ ಹಾಕಬೇಕು. ಆಗ ಅವನಿಗೆ ತಗುಲುವ ವಿಕಿರಣದ ಡೋಸ್‌ನ ಲೆಕ್ಕ ಲೇಖನದಲ್ಲಿ ಎಲ್ಲೂ ಕಾಣಲಿಲ್ಲ.